ಆರಾಮಿಲ್ಲದ ದುಡಿಮೆ

ಯಾದಗಿರಿ ಸೀಮೆಯಲ್ಲಿ ಇಬ್ಬರು ಎದುರಾದರೆ ಮೊದಲು ಬರುವ ಮಾತು ‘ಆರಾಮ ಅದೀರೇನ್ರಿ?’. ಜ್ವರ ಬಂದು ಮಲಗಿದವರಿಗೆ ‘ಆರಾಮಿಲ್ಲ’ ಎನ್ನುತ್ತೇವೆ, ಗುಣವಾದರೆ ‘ಆರಾಮಾತು’ ಎನ್ನುತ್ತೇವೆ. ಬಿಸಿಲಲ್ಲಿ ದಣಿದು ಬಂದವರನ್ನು ಕಟ್ಟೆಯ ಮೇಲೆ ಕೂರಿಸಿ, ಒಂದು ಚರಿಗೆ ನೀರು ಕೊಟ್ಟು, ‘ಸ್ವಲ್ಪ ಆರಾಮ ಮಾಡ್ರಿ’ ಎನ್ನುವುದೂ ಅದೇ ಪದದಿಂದ. ಪಾರಸಿಯಿಂದ ಬಂದು ಇಲ್ಲಿಯದೇ ಆಗಿಹೋದ ಈ ಮಾತಿನಲ್ಲಿ ವಿಶ್ರಾಂತಿ ಬೇರೆ, ಆರೋಗ್ಯ ಬೇರೆ ಎಂಬ ಭೇದವಿಲ್ಲ. ನಮ್ಮ ಹಿರಿಯರಿಗೆ ಅವೆರಡೂ ಒಂದೇ ಆಗಿದ್ದವೆಂದು ನನಗೆ ಈಗೀಗ ಅನ್ನಿಸುತ್ತದೆ.

ಕೆಲವು ವರ್ಷಗಳಿಂದ ಆ ಪ್ರಶ್ನೆಗೆ ಬರುವ ಉತ್ತರ ಬದಲಾಗಿದೆ. ‘ಏನ್ ಆರಾಮ್ರಿ, ನಿದ್ದಿನೇ ಹತ್ತವಲ್ದು.’ ‘ಬಿಪಿ ಗುಳಿಗಿ ಚಾಲೂ ಆಗ್ಯಾವ.’ ‘ಟೆನ್ಶನ್ ಭಾಳ ಆಗ್ಯಾದ.’ ಹೀಗೆ ಹೇಳುವವರು ವಯಸ್ಸಾದವರಲ್ಲ, ನಲವತ್ತರ ಆಸುಪಾಸಿನವರು. ಸುರಪುರದ ಶಿಕ್ಷಕರು, ಶಹಾಪುರದ ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಎರಡು ಪಂಚಾಯಿತಿಗಳ ಪ್ರಭಾರ ಹೊತ್ತ ಪಿಡಿಒ, ಮನೆಮನೆ ತಿರುಗುವ ಆಶಾ ಕಾರ್ಯಕರ್ತೆ, ಕಾಲುವೆಯ ತುದಿಯಲ್ಲಿ ಹೊಲವಿರುವ ರೈತ. ಇವರಿಗೆಲ್ಲ ಸಿಗುವ ಉಪದೇಶವೂ ಒಂದೇ: ತಲೆಗೆ ಹಚ್ಚಿಕೊಳ್ಳಬೇಡಿ, ನಸುಕಿನಲ್ಲಿ ಎದ್ದು ನಡೆಯಿರಿ, ಪ್ರಾಣಾಯಾಮ ಮಾಡಿ. ಉಪದೇಶ ಸುಳ್ಳಲ್ಲ, ನಡಿಗೆಯಿಂದ ಮೈಗೆ ಒಳ್ಳೆಯದಾಗುವುದು ನಿಜ. ಆದರೆ ಕೆಟ್ಟಿರುವುದು ಕೆಲಸದ ಏರ್ಪಾಟು, ಔಷಧಿ ನುಂಗಬೇಕಾದವನು ಮಾತ್ರ ಕೆಲಸಗಾರ. ಮೈಯನ್ನು ಕೆಡಿಸುತ್ತಿರುವುದು ಕೆಲಸದ ಭಾರಕ್ಕಿಂತ ಹೆಚ್ಚಾಗಿ, ಆ ಕೆಲಸದ ಮೇಲೆ ಮಾಡುವವರಿಗೆ ಹಿಡಿತವೇ ಇಲ್ಲದಿರುವುದು. ಹೀಗೆ ನಂಬಲು ನನ್ನ ಬಳಿ ಕಾರಣಗಳಿವೆ.

2025ರ ಏಪ್ರಿಲ್ ಕೊನೆಯಲ್ಲಿ ಸುರಪುರದ ಕಡೆಯ ಒಂದು ಊರಿನ ಕೆರೆಯಂಗಳದಲ್ಲಿ ಉದ್ಯೋಗ ಖಾತ್ರಿಯ ಹೂಳೆತ್ತುವ ಕೆಲಸ ನಡೆದಿತ್ತು. ಹತ್ತು ಗಂಟೆಗೇ ನೆಲ ಕಾದಿತ್ತು. ಗುದ್ದಲಿ ಹಿಡಿದ ಗಂಡಸರು, ಪುಟ್ಟಿ ಹೊತ್ತ ಹೆಣ್ಣುಮಕ್ಕಳು ಸೇರಿ ಮೂವತ್ತು ನಲವತ್ತು ಮಂದಿ. ಅವರ ಮುಂದೆ ನಿಂತವಳು ‘ಕಾಯಕ ಬಂಧು’, ಕೂಲಿಕಾರರ ಹಾಜರಿ ನೋಡಿಕೊಳ್ಳುವ ಊರಿನದೇ ಹೆಣ್ಣುಮಗಳು, ಮೂವತ್ತರೊಳಗಿನ ವಯಸ್ಸು. 2023ರ ಜನವರಿ 1ರಿಂದ ಈ ಕೆಲಸಕ್ಕೆ ಎನ್‌ಎಂಎಂಎಸ್ ಆ್ಯಪ್‌ನಲ್ಲೇ ಹಾಜರಿ ಕಡ್ಡಾಯವಾಗಿತ್ತು. ದಿನಕ್ಕೆ ಎರಡು ಸಲ ಎಲ್ಲರನ್ನೂ ನಿಲ್ಲಿಸಿ ಫೋಟೊ ತೆಗೆದು ಏರಿಸಬೇಕಿತ್ತು. ಆಕೆ ಫೋಟೊ ತೆಗೆದಳು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಫೋನನ್ನು ತಲೆಯ ಮೇಲೆತ್ತಿ ಹಿಡಿದಳು, ಏರಿಯ ಮೇಲೆ ಹತ್ತಿದಳು, ಮತ್ತೆ ಇಳಿದಳು. ‘ಫೋಟೊ ಹೋಗ್ಲಿಲ್ಲಂದ್ರ ಹಾಜ್ರಿ ಬೀಳಂಗಿಲ್ರಿ. ಹಾಜ್ರಿ ಬೀಳ್ಲಿಲ್ಲಂದ್ರ ಇವ್ರು ನನಗ ಬೈತಾರ. ಮ್ಯಾಲಿನವ್ರನ್ನ ಕೇಳಿದ್ರ ಎಂಟ್ರಿನೇ ಆಗಿಲ್ಲ ಅಂತಾರ. ನಾ ಯಾರ್ನ ಕೇಳ್ಬೇಕ್ರಿ?’ ಎಂದಳು. ಅಂದಿನ ಕೂಲಿ 370 ರೂಪಾಯಿ. ಮೂವತ್ತು ನಲವತ್ತು ಮನೆಗಳ 370 ರೂಪಾಯಿ ಆಕೆಯ ಕೈಯಲ್ಲಿದ್ದ ಆ ತಿರುಗುವ ಚಕ್ರಕ್ಕೆ ಅಂಟಿಕೊಂಡಿತ್ತು. ಬೆಳಿಗ್ಗೆಯಿಂದ ಏನೂ ಉಂಡಿರಲಿಲ್ಲ, ಎದೆ ಉರಿಯುತ್ತದೆ ಎಂದಳು. ಅಷ್ಟರಲ್ಲಿ ಮಣ್ಣು ಹೊತ್ತವರು ಜಾಲಿಯ ನೆರಳಲ್ಲಿ ರೊಟ್ಟಿಯ ಗಂಟು ಬಿಚ್ಚಿದ್ದರು. ಬೆವರು ಸುರಿಯುತ್ತಿದ್ದ ಅವರ ನಡುವೆ ಪುಂಡಿಪಲ್ಲೆ ಕೈ ಬದಲಾಗುತ್ತಿತ್ತು, ಯಾವುದೋ ಮದುವೆಯ ಸುದ್ದಿಗೆ ನಗುತ್ತಿದ್ದರು. ಅಂದು ಒಂದು ಪುಟ್ಟಿ ಮಣ್ಣನ್ನೂ ಹೊರದಿದ್ದವಳ ಕೈ ಮಾತ್ರ ನಡುಗುತ್ತಿತ್ತು.

ಆ ನಡುಕದ ಹಿಂದೆ ಮೈಯೊಳಗೆ ನಡೆಯುವುದು ಬಹು ಹಳೆಯ ಕ್ರಿಯೆ. ಅಪಾಯ ಕಂಡೊಡನೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಕೂಡಿಟ್ಟ ಸಕ್ಕರೆ ರಕ್ತಕ್ಕೆ ಇಳಿಯುತ್ತದೆ, ಜೀರ್ಣಕ್ರಿಯೆ ಹಿಂದೆ ಸರಿಯುತ್ತದೆ. ಹಾವು ಕಂಡವನು ಹಾರಿ ಬದುಕಲು ಇದು ಬೇಕೇಬೇಕು. ಹಾವು ಹೋದ ಮೇಲೆ ಎಲ್ಲವೂ ಇಳಿಯಬೇಕು. ಆದರೆ ಅಪಾಯ ಹಾವಿನಂತೆ ಬಂದುಹೋಗದೆ ಫೋನಿನ ಸಂದೇಶವಾಗಿ, ಬಾರದ ನೀರಾಗಿ, ನಾಳಿನ ಪರಿಶೀಲನಾ ಸಭೆಯಾಗಿ ತಿಂಗಳುಗಟ್ಟಲೆ ಕುಳಿತುಬಿಟ್ಟರೆ ಏರಿದ್ದು ಇಳಿಯುವುದಿಲ್ಲ. ನೀರಿಲ್ಲದ ಬಾವಿಯಲ್ಲಿ ಮೋಟರು ಚಾಲೂ ಬಿಟ್ಟರೆ ಏನಾಗುತ್ತದೆಂದು ನಮ್ಮ ಕಡೆಯ ಪ್ರತಿ ರೈತನಿಗೂ ಗೊತ್ತು. ನಿದ್ದೆ ಒಡೆಯುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಇನ್ಸುಲಿನ್‌ನ ಕೆಲಸ ಕುಂಠಿತವಾಗುತ್ತದೆ, ರಕ್ತನಾಳಗಳು ಬಿರುಸಾಗುತ್ತವೆ. ತಂಬಾಕು, ಗುಟ್ಕಾ, ಸಂಜೆಯ ಕುಡಿತ ಇವು ಎಷ್ಟೋ ಸಲ ಈ ಮೋಟರನ್ನು ನಿಲ್ಲಿಸಲು ಮನುಷ್ಯ ಹುಡುಕಿಕೊಂಡ ದಾರಿಗಳು. ಅವು ಇನ್ನೊಂದು ಕಡೆಯಿಂದ ಅದೇ ಮೈಯನ್ನು ಸುಡುತ್ತವೆ.

ಭಾರಕ್ಕಿಂತ ಹಿಡಿತ ಮುಖ್ಯ ಎಂದೆ. ಅದಕ್ಕೆ ಆಧಾರ ದೂರದ ಲಂಡನ್ನಿನಲ್ಲಿದೆ. ಮೇಲಿನ ಅಧಿಕಾರಿಗಳಿಗೇ ಜವಾಬ್ದಾರಿ ಹೆಚ್ಚು, ಆದ್ದರಿಂದ ಹೃದಯಾಘಾತವೂ ಅವರಿಗೇ ಹೆಚ್ಚು ಎಂದು ಹಿಂದೆ ಜನ ತಿಳಿದಿದ್ದರು. 1967ರಲ್ಲಿ ಅಲ್ಲಿನ ಸರ್ಕಾರಿ ಕಚೇರಿಗಳ 17,000ಕ್ಕೂ ಹೆಚ್ಚು ಗಂಡಸರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ‘ವೈಟ್‌ಹಾಲ್’ ಅಧ್ಯಯನ ಶುರುವಾಯಿತು. ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು ಕಂಡದ್ದು ತಿರುವುಮುರುವು. ಹೃದ್ರೋಗದ ಸಾವು ಮೇಲಿನ ದರ್ಜೆಯವರಿಗಿಂತ ಜವಾನರು, ಬಾಗಿಲು ಕಾಯುವವರಂಥ ಕೆಳಗಿನ ದರ್ಜೆಯವರಲ್ಲಿ ಮೂರು ಪಟ್ಟಿಗೂ ಹೆಚ್ಚಿತ್ತು. ಸಿಗರೇಟು, ರಕ್ತದೊತ್ತಡ, ಕೊಲೆಸ್ಟರಾಲ್‌ಗಳ ಪಾಲನ್ನು ಕಳೆದ ಮೇಲೂ ಅಂತರದ ದೊಡ್ಡ ಭಾಗ ಹಾಗೆಯೇ ಉಳಿಯಿತು. 1985ರಲ್ಲಿ ಹೆಂಗಸರನ್ನೂ ಸೇರಿಸಿ 10,308 ಮಂದಿಯ ಮೇಲೆ ಆರಂಭವಾದ ಎರಡನೆಯ ಅಧ್ಯಯನದಲ್ಲಿ, ತಮ್ಮ ಕೆಲಸವನ್ನು ಹೇಗೆ, ಯಾವಾಗ ಮಾಡಬೇಕೆಂದು ತೀರ್ಮಾನಿಸುವ ಅವಕಾಶ ಕಡಿಮೆ ಇದ್ದವರಲ್ಲಿ ಹೃದ್ರೋಗ ಹೆಚ್ಚೆಂದು ಕಂಡಿತು. ರಾಬರ್ಟ್ ಕರಾಸೆಕ್ 1979ರಲ್ಲೇ ಇದನ್ನು ಸೂತ್ರವಾಗಿ ಹೇಳಿದ್ದ: ಕೆಲಸದ ಬೇಡಿಕೆ ಹೆಚ್ಚಿದ್ದು ತೀರ್ಮಾನದ ಸ್ವಾತಂತ್ರ್ಯ ಕಡಿಮೆ ಇರುವಲ್ಲಿ ಮೈಮನಸ್ಸು ಸೋಲುತ್ತವೆ. ಕಾಯಕ ಬಂಧುವಿನ ಕೆಲಸವನ್ನು ಈ ಸೂತ್ರದ ಪಕ್ಕದಲ್ಲಿಟ್ಟು ನೋಡಿ. ಬೇಡಿಕೆ ಪೂರ್ತಿ ಅವಳ ಮೇಲಿದೆ. ನೆಟ್‌ವರ್ಕು, ಆ್ಯಪು, ಕೂಲಿಯ ಪಾವತಿ ಯಾವುದೂ ಅವಳ ಕೈಯಲ್ಲಿಲ್ಲ.

‘ಹಿಂದಿನವರು ಇದಕ್ಕಿಂತ ಕಷ್ಟಪಟ್ಟು ದುಡಿದರಲ್ಲ, ಅವರಿಗೆಲ್ಲಿತ್ತು ಟೆನ್ಶನ್?’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಕಣದಲ್ಲಿ ರಾತ್ರಿಯಿಡೀ ಹಂತಿ ಹೊಡೆಯುವುದು ಬಹಳ ಕಷ್ಟದ ಕೆಲಸ. ಆದರೆ ಎತ್ತುಗಳ ನಡಿಗೆಗೆ ತಕ್ಕಂತೆ ಹಂತಿಪದ ಹೇಳುತ್ತಿದ್ದವನೇ ಕೆಲಸದ ವೇಗ ನಿರ್ಧರಿಸುತ್ತಿದ್ದ. ಮುಯ್ಯಾಳಿನ ಪದ್ಧತಿಯಲ್ಲಿ ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಮಾಡಿದ್ದು ತಿರುಗಿ ಬರುತ್ತದೆಂಬ ನಂಬಿಕೆ ಇತ್ತು. ಹಾಗೆಂದು ಹಿಂದಿನದೆಲ್ಲ ಚೆನ್ನಾಗಿತ್ತು ಎನ್ನುವ ಮಾತಿಗೆ ನಾನು ಒಪ್ಪುವವನಲ್ಲ. ಇದೇ ನೆಲದಲ್ಲಿ ಜೀತವಿತ್ತು. 1976ರಲ್ಲಿ ಕಾನೂನು ಅದನ್ನು ನಿಷೇಧಿಸಿತು. ಜೀತದಾಳಿನ ಮೈ ಏನಾಗಿತ್ತೆಂದು ಯಾವ ವೈದ್ಯರೂ ಬರೆದಿಡಲಿಲ್ಲ, ಬೇಗ ಮುದುಕರಾಗಿ ಬೇಗ ಸತ್ತರೆಂದು ಮನೆಗಳವರು ನೆನೆಯುತ್ತಾರೆ. ತನ್ನ ದುಡಿಮೆಯ ಮೇಲೆ ಎಳ್ಳಷ್ಟೂ ಹಿಡಿತವಿಲ್ಲದ ಸ್ಥಿತಿಗೆ ಅದಕ್ಕಿಂತ ಕ್ರೂರ ಉದಾಹರಣೆ ನನಗೆ ತಿಳಿಯದು.

ನಮ್ಮ ಕಾಕಾನ ವಿಷಯ ಹೇಳಬೇಕು. ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ಬಣ್ಣವನ್ನೇ ಬದಲಿಸಿತು. ಜೋಳದ, ತೊಗರಿಯ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದವು, ಮಣ್ಣಿನ ಮನೆಗಳು ಆರ್‌ಸಿಸಿ ಆದವು. ಅದರ ಋಣವನ್ನು ನಮ್ಮ ಮನೆಯೂ ಉಂಡಿದೆ. ಆದರೆ ಕಾಕಾನ ಹೊಲ ಒಂದು ಉಪಕಾಲುವೆಯ ಕೊನೆಯಲ್ಲಿತ್ತು. ನೀರು ಚಾಲೂ-ಬಂದ್ ಪದ್ಧತಿಯಲ್ಲಿ ಬರುತ್ತದೆ, ಚಾಲೂ ಆದರೂ ತುದಿ ಮುಟ್ಟುವ ದಿನ ಗೊತ್ತಿಲ್ಲ. ಮೇಲಿನ ಹೊಲದವರು ಪೈಪು ಇಳಿಬಿಟ್ಟರೆ ಆ ದಿನವೂ ಹೋಯಿತು. ತೆನೆ ಕಟ್ಟುವ ಹೊತ್ತಿನಲ್ಲಿ ಕಾಕಾ ರಾತ್ರಿಯೆಲ್ಲ ಬ್ಯಾಟರಿ ಹಿಡಿದು ಕಾಲುವೆಯ ದಂಡೆಯ ಮೇಲೆ ತಿರುಗುತ್ತಿದ್ದ. ಸಸಿ ಹಚ್ಚಿದ್ದು, ಗೊಬ್ಬರ ಹಾಕಿದ್ದು, ಕಳೆ ತೆಗೆಸಿದ್ದು ಯಾವುದೂ ಅವನನ್ನು ಅಷ್ಟು ದಣಿಸಿರಲಿಲ್ಲ. ಕಾಯುವುದು ದಣಿಸಿತು. ನಲವತ್ತೆಂಟಕ್ಕೆ ಬಿಪಿ ಬಂತು. ಡಾಕ್ಟರು ಉಪ್ಪು ಬಿಡು, ಟೆನ್ಶನ್ ಬಿಡು ಎಂದರು. ಉಪ್ಪನ್ನು ಬಿಟ್ಟ.

ಮುಂದಿನ ವರ್ಷ ಆ ಉಪಕಾಲುವೆಯ ಮೇಲಿನವರೂ ಕೆಳಗಿನವರೂ ಹನುಮಂತ ದೇವರ ಗುಡಿಯ ಮುಂದೆ ಕೂತು ಪಾಳಿ ಕಟ್ಟಿಕೊಂಡರು. ಇಂಥ ದಿನ ಇಷ್ಟು ತಾಸು ಇಂಥವರಿಗೆ ಎಂದು ವಹಿಯಲ್ಲಿ ಬರೆದರು. ಕಾಲುವೆಗೆ ಬರುವ ನೀರು ಒಂದು ಹನಿಯೂ ಹೆಚ್ಚಾಗಲಿಲ್ಲ, ಕಾಕಾನ ಪಾಲಿಗೆ ಬಂದದ್ದು ಮೊದಲಿಗಿಂತ ತುಸು ಹೆಚ್ಚೇ ಇರಬಹುದು, ಸಾಕಾಗುವಷ್ಟಂತೂ ಅಲ್ಲ. ಆದರೆ ತನ್ನ ಪಾಳಿ ಯಾವತ್ತೆಂದು ಅವನಿಗೆ ಗೊತ್ತಿತ್ತು. ಉಳಿದ ರಾತ್ರಿ ಮಲಗಿದ. ಗುಳಿಗೆ ಇಂದಿಗೂ ನುಂಗುತ್ತಾನೆ, ಬಂದ ಬಿಪಿ ಹೋಗಲಿಲ್ಲ, ನಿದ್ದೆ ಮಾತ್ರ ತಿರುಗಿ ಬಂತು. ಒಬ್ಬ ಮನುಷ್ಯನ ಕತೆಯಿಂದ ವಿಜ್ಞಾನ ಆಗುವುದಿಲ್ಲವೆಂಬುದು ನನಗೆ ತಿಳಿದಿದೆ. ಆದರೆ ಲಂಡನ್ನಿನ ಸಾವಿರಾರು ಗುಮಾಸ್ತರ ಲೆಕ್ಕ ಏನು ಹೇಳುತ್ತದೆಂಬುದು ನನಗೆ ಮನದಟ್ಟಾದದ್ದು ಆ ಗುಡಿಯ ಕಟ್ಟೆಯ ಮೇಲೆ.

ಈಗ ಶಾಲೆಗೆ ಬರೋಣ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಮೊದಲು, ಯಾದಗಿರಿ ಕೊನೆ. ನಮ್ಮದು ಶೇ 50.59. ಹೆಚ್ಚುಕಮ್ಮಿ ಅರ್ಧದಷ್ಟು ಮಕ್ಕಳು ಅನುತ್ತೀರ್ಣರಾದರೆ ಅದರ ನೋವು ಎಲ್ಲರಿಗೂ ಇರಬೇಕಾದದ್ದೇ. ಆದರೆ ಆ ಅಂಕಿಯ ಭಾರ ಇಳಿದದ್ದು ಎಲ್ಲಿಗೆ? ನೋಟಿಸು, ವಿಶೇಷ ತರಗತಿ, ವಾರದ ವರದಿ, ಮತ್ತೊಂದು ಸಭೆ ಎನ್ನುತ್ತ ಅದು ಕೊನೆಗೆ ಬಂದು ನಿಂತದ್ದು ತರಗತಿಯ ಶಿಕ್ಷಕರ ಮೇಲೆ. ತೊಗರಿ ರಾಶಿ ಮುಗಿದ ಮೇಲೆ ಮಳೆಯಾಶ್ರಿತ ಊರುಗಳಿಂದ ಬೆಂಗಳೂರು, ಹೈದರಾಬಾದ್, ಮುಂಬೈಗಳಿಗೆ ಗುಳೆ ಹೊರಡುವ ಮನೆಗಳ ಮಕ್ಕಳು ಪರೀಕ್ಷೆಗೆ ಎರಡು ತಿಂಗಳಿರುವಾಗ ಬೆಂಚಿನಿಂದ ಮಾಯವಾಗುತ್ತಾರೆ. ಗಣಿತ, ಇಂಗ್ಲಿಷಿನ ಹುದ್ದೆ ಖಾಲಿ ಇದ್ದರೆ ಅತಿಥಿ ಶಿಕ್ಷಕರು ಬಂದು ಹೋಗುತ್ತಾರೆ. ಇವೆರಡರ ಮೇಲೂ ಶಿಕ್ಷಕರಿಗೆ ಯಾವ ಹಿಡಿತವೂ ಇಲ್ಲ, ಫಲಿತಾಂಶಕ್ಕೆ ಮಾತ್ರ ಹೊಣೆ. 2025ರ ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ನಡೆದ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಗೂ ಮನೆಮನೆ ತಿರುಗಿದವರು ಅವರೇ, ದಸರೆಯ ರಜೆಯಲ್ಲಿ. ಸಮೀಕ್ಷೆ ಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಅದನ್ನು ಮಾಡಿದವರ ವಿಶ್ರಾಂತಿಯ ಲೆಕ್ಕವನ್ನು ಯಾರು ಇಟ್ಟರು ಎಂದು ಮಾತ್ರ ಕೇಳುತ್ತಿದ್ದೇನೆ.

‘ಹೆಚ್ಚುವರಿ ಪ್ರಭಾರ’ ಎಂಬ ಪದ ನಮ್ಮ ಜಿಲ್ಲೆಯ ಕಚೇರಿಗಳಲ್ಲಿ ದಿನನಿತ್ಯದ್ದು. 2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾದಾಗ ಕಚೇರಿಗಳ ಫಲಕಗಳು ಬೇಗ ಬಂದವು, ಕುರ್ಚಿಗಳು ತುಂಬುವುದು ತಡವಾಯಿತು. ಸಂವಿಧಾನದ ವಿಧಿ 371ಜೆ ಬಂದ ಮೇಲೆ ಈ ಭಾಗದವರಿಗೆ ನೌಕರಿ ದಕ್ಕಿದ್ದು ದೊಡ್ಡ ಲಾಭ. ಹಾಗಿದ್ದೂ ಇಲ್ಲಿಗೆ ವರ್ಗವಾಗಿ ಬಂದವರಲ್ಲಿ ಅನೇಕರು ಬಂದ ದಿನದಿಂದಲೇ ಹೊರಡುವ ದಾರಿ ನೋಡುತ್ತಾರೆ. ಅವರು ಹೋದ ಕುರ್ಚಿಯ ಕೆಲಸ ಪಕ್ಕದ ಕುರ್ಚಿಗೆ ಬೀಳುತ್ತದೆ. ಎರಡು ಊರಿನ ಜನರಿಗೂ ‘ಸಾಹೇಬ್ರು ಇಲ್ಲ’ ಎಂಬ ಸಿಟ್ಟು, ಆ ಸಾಹೇಬರಿಗೆ ಎರಡು ಕಡೆಯ ಸಿಟ್ಟು. ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರಿನಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ರಾಜ್ಯಾದ್ಯಂತ ಮುಷ್ಕರ ಹೂಡಿದಾಗ ಮುಂದಿಟ್ಟ ಅಹವಾಲುಗಳಲ್ಲಿ ಒಂದು, ತಮ್ಮ ಫೋನಿನ ಮೇಲೆ ಹೇರಿದ ಹತ್ತಾರು ಆ್ಯಪ್‌ಗಳದ್ದು.

ಆಶಾ ಕಾರ್ಯಕರ್ತೆಯರ ಪಾಡು ಇನ್ನೊಂದು ಬಗೆಯದು. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಾಲ್ಕು ದಿನ ಕೂತರು. ತಿಂಗಳಿಗೆ ಹತ್ತು ಸಾವಿರ ರೂಪಾಯಿಯ ಭರವಸೆ ಸಿಕ್ಕ ಮೇಲೆ ಎದ್ದರು. ಗೌರವಧನದಷ್ಟೇ ಬಲವಾಗಿ ಅವರು ಹೇಳಿದ್ದು, ಮಾಡಿದ ಕೆಲಸದ ಪ್ರೋತ್ಸಾಹಧನ ಪೋರ್ಟಲಿನಲ್ಲಿ ದಾಖಲಾಗದೆ ಕೈತಪ್ಪಿ ಹೋಗುತ್ತದೆ ಎಂದು. ಬಸುರಿಯನ್ನು ನಡುರಾತ್ರಿ ಆಸ್ಪತ್ರೆಗೆ ಮುಟ್ಟಿಸಿದ್ದು ನಿಜ, ಪೋರ್ಟಲಿಗೆ ಅದು ತಿಳಿದಿಲ್ಲ. ಪಟ್ಟ ಶ್ರಮಕ್ಕೂ ಸಿಕ್ಕ ಪ್ರತಿಫಲಕ್ಕೂ ತಾಳೆಯಾಗದಿದ್ದಾಗ ಹೃದಯಕ್ಕೆ ಪೆಟ್ಟು ಬೀಳುತ್ತದೆಂದು ಜರ್ಮನಿಯ ಯೋಹಾನೆಸ್ ಜೀಗ್ರಿಸ್ಟ್ 1996ರಲ್ಲಿ ವಾದಿಸಿದ. ಪ್ರತಿಫಲವೆಂದರೆ ಅವನ ಪ್ರಕಾರ ಹಣ ಮಾತ್ರ ಅಲ್ಲ, ಮಾಡಿದ್ದನ್ನು ಮಾಡಿದ್ದೀ ಎಂದು ಒಪ್ಪುವ ಮರ್ಯಾದೆಯೂ ಹೌದು.

ಕೆಲಸದ ಭಾರಕ್ಕೆ ಲೆಕ್ಕವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜಿನಂತೆ, ಅತಿಯಾದ ದುಡಿಮೆಯ ಅವಧಿಯಿಂದಾಗಿ 2016ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 7.45 ಲಕ್ಷ ಮಂದಿ ಪಾರ್ಶ್ವವಾಯು ಮತ್ತು ಹೃದ್ರೋಗದಿಂದ ಸತ್ತರು. ವಾರಕ್ಕೆ 55 ತಾಸು ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35–40 ತಾಸು ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ಬೆಂಗಳೂರಿನ ಕಟ್ಟಡದ ಕೆಳಗೆ ತಗಡಿನ ಶೆಡ್ಡಿನಲ್ಲಿ ಮಲಗಿ, ಮುಕಾದಮ ಹೇಳಿದ ಹೊತ್ತಿಗೆ ಏಳುವ ಯಾದಗಿರಿಯ ಗುಳೆಯಾಳಿಗೆ ವಾರದ ತಾಸುಗಳನ್ನು ಎಣಿಸಿಕೊಡುವವರೇ ಇಲ್ಲ. ಊರಲ್ಲಿ ಪಡೆದ ಮುಂಗಡ ತೀರುವವರೆಗೆ ಅವನು ಬೇಡವೆನ್ನುವಂತಿಲ್ಲ. ಅಲ್ಲಿ ಭಾರ ಹೆಚ್ಚು, ಹಿಡಿತ ಇಲ್ಲ, ನೆರಳೂ ಇಲ್ಲ.

ಈ ಹೊತ್ತಿನಲ್ಲೇ ವಾರಕ್ಕೆ 70 ತಾಸು ದುಡಿಯಿರಿ, 90 ತಾಸು ದುಡಿಯಿರಿ ಎಂಬ ದೊಡ್ಡ ಉದ್ಯಮಿಗಳ ಕರೆಗಳು 2023ರಲ್ಲಿ, 2025ರಲ್ಲಿ ಬಂದವು. ಅವುಗಳ ಬೆನ್ನಿಗೆ ‘ಕಾಯಕ’ ಎಂಬ ಪದವನ್ನು ಎಳೆದು ತಂದವರನ್ನು ಕಂಡಾಗ ನನಗೆ ದುಃಖವಾಯಿತು. ಕೃಷ್ಣೆಯ ಆಚೆ ದಡದ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಶರಣರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟು ನಮಗೆ ಬೇಡ, ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ತಿರುಗಿ ಕಳಿಸಿದಳೆಂಬ ಕತೆ ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಆ ಕತೆಯಲ್ಲಿ ದುಡಿಮೆಯ ಅಳತೆ ಎಷ್ಟೆಂದು ಹೇಳಿದವಳು ದುಡಿಯುವ ಮನೆಯ ಹೆಂಗಸು. ಅಳತೆ ಹೇಳುವ ಹಕ್ಕನ್ನು ಕಿತ್ತುಕೊಂಡ ಮೇಲೆ ಅದನ್ನು ಕಾಯಕವೆನ್ನಲು ನನಗೆ ಬಾಯಿ ಬರುವುದಿಲ್ಲ. ಆ ಹಕ್ಕೇ ಇಲ್ಲದ, ಫೋನು ಎತ್ತಿ ಹಿಡಿದ ಹೆಣ್ಣುಮಗಳಿಗೆ ನಾವು ‘ಕಾಯಕ ಬಂಧು’ ಎಂದು ಹೆಸರಿಟ್ಟಿದ್ದೇವೆ.

ದುಡ್ಡಿಲ್ಲ, ಹುದ್ದೆ ತುಂಬಲಾಗದು ಎಂಬ ಆಕ್ಷೇಪ ಬರುತ್ತದೆ. ಹುದ್ದೆ ತುಂಬಲು ದುಡ್ಡು ಬೇಕು ನಿಜ. ಆದರೆ ಕಾಕಾನ ಪಾಳಿಯ ವಹಿಗೆ ಖರ್ಚಾದದ್ದು ಒಂದು ನೋಟುಬುಕ್ಕು. ನೆಟ್‌ವರ್ಕ್ ಇಲ್ಲದ ದಿನ ಕಾಗದದ ಹಾಜರಿಗೆ ಬೆಲೆ ಕೊಡಲು, ಪ್ರಭಾರಕ್ಕೆ ಮೂರು ತಿಂಗಳ ಗಡುವು ಹಾಕಲು, ರಾತ್ರಿ ಎಂಟರ ಮೇಲೆ ವಾಟ್ಸ್‌ಆ್ಯಪ್‌ ಗುಂಪಿನಲ್ಲಿ ವರದಿ ಕೇಳದಿರಲು ಹಣ ಬೇಕಿಲ್ಲ. ಬಿಪಿ ನೋಡಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದವರನ್ನು ‘ನಿದ್ದಿ ಹೆಂಗದ? ಕೆಲಸ ಹೆಂಗದ?’ ಎಂದು ಕೇಳುವುದೂ ಸಾಧ್ಯವೇ. ನಮ್ಮದೇ ಭಾಗದ ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ ನಿಮ್ಹಾನ್ಸ್ ಇಂಥದ್ದನ್ನು ಮಾಡಿ ತೋರಿಸಿದೆ. ಹಳ್ಳಿಯ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನಸ್ಸಿನ ಕಾಯಿಲೆ ಗುರುತಿಸುವ, ಔಷಧಿ ಕೊಡುವ ತರಬೇತಿ ಸಿಕ್ಕಿತು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಇಂದು ರಾತ್ರಿ ಮನಸ್ಸು ಹಿಂಡಿದಂತಾಗಿ, ಯಾರಿಗೂ ಹೇಳಲಾಗದೆ ಕೂತವರು 14416ಕ್ಕೆ ಫೋನು ಮಾಡಿದರೆ ಟೆಲಿ ಮನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡಬಹುದು. ಇದನ್ನು ಓದುವವರಲ್ಲಿ ಒಬ್ಬರಿಗಾದರೂ ಈ ನಂಬರು ಬೇಕಾಗಿರಬಹುದು, ದಯವಿಟ್ಟು ಬರೆದಿಟ್ಟುಕೊಳ್ಳಿ.

ಏರ್ಪಾಟನ್ನು ಬದಲಿಸುವುದು ಸರ್ಕಾರಕ್ಕೆ ಹೊಸದೇನಲ್ಲ. ಬೇಸಿಗೆ ಬಂದಾಗ ಕಲಬುರಗಿ ವಿಭಾಗದ ಜಿಲ್ಲೆಗಳಿಗೂ ವಿಜಯಪುರ, ಬಾಗಲಕೋಟೆಗಳಿಗೂ ಒಂದು ಆದೇಶ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಆ ಆದೇಶ ಬರೆದವರು ಬಿಸಿಲು ತಾಳುವ ಉಸಿರಾಟ ಕಲಿಯಿರಿ ಎಂದು ನೌಕರರಿಗೆ ಹೇಳಲಿಲ್ಲ. ಮನುಷ್ಯನ ಮೈಗೆ ಒಂದು ಮಿತಿ ಇದೆ, ಆದ್ದರಿಂದ ಕೆಲಸದ ಹೊತ್ತೇ ಸರಿಯಬೇಕು ಎಂದು ಒಪ್ಪಿದರು. ಮುಂದಿನ ಏಪ್ರಿಲ್ಲಿಗೆ ಅದೇ ಆದೇಶ ಮತ್ತೆ ತಯಾರಾಗುವಾಗ ಅದಕ್ಕೆ ಇನ್ನೆರಡು ಸಾಲು ಸೇರಿಸಲಿ: ಬಯಲಲ್ಲಿ ದುಡಿಯುವವರ ಹಾಜರಿ, ಅಳತೆ, ಫೋಟೊ ಎಲ್ಲ ಹನ್ನೊಂದರೊಳಗೆ ಮುಗಿಯಬೇಕು. ಫೋಟೊ ಹೋಗದ ದಿನ ಕಾಯಕ ಬಂಧು ವಹಿಯಲ್ಲಿ ಬರೆದು ಸಹಿ ಹಾಕಿದ ಹಾಜರಿಯೇ ಹಾಜರಿ.